ಒಂಬತ್ತನೇ ಕ್ಲಾಸಿನ ಮಗಳು ಸರಿಯಾಗಿ ತಿನ್ನುವುದಿಲ್ಲ, ಹೇಗೆ ತಿಳಿಸಿ ಹೇಳಲಿ?

ಮಗಳು ಬೆಳಗ್ಗೆ ತಿಂಡಿ ಮುಟ್ಟುವುದಿಲ್ಲ, ಡಬ್ಬಿ ಅರ್ಧ ವಾಪಸ್ ಬರುತ್ತದೆ, ಸಂಜೆ ಗೋಬಿ ಮಂಚೂರಿ ಬೇಕು ಅಂತಾಳೆ, ಪೌಷ್ಟಿಕ ಆಹಾರದ ಬಗ್ಗೆ ಅವಳಿಗೆ ಹೇಗೆ ಕಲಿಸುವುದು ಅಂತ ಕೇಳಿದ್ದೀರಿ. ನಾನು ಬೆಂಗಳೂರಿನಲ್ಲಿ, ರಾಜಾಜಿನಗರದ ಕಡೆ, ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್. 19 ವರ್ಷದಿಂದ ಇದೇ ವಯಸ್ಸಿನ ಹುಡುಗಿಯರ ಜೊತೆಗಿದ್ದೇನೆ.

ಮೊದಮೊದಲು ನಾನೂ ಗೋಡೆಗೆ ಚಾರ್ಟ್ ಹಾಕಿ ಪಾಠ ಮಾಡುತ್ತಿದ್ದೆ. ಪರೀಕ್ಷೆಯಲ್ಲಿ ಎಲ್ಲರೂ ಚೆನ್ನಾಗಿ ಬರೆದರು. ಊಟದ ಡಬ್ಬಿ ಮಾತ್ರ ಹಾಗೇ ಇತ್ತು. ಒಂದು ದಿನ ಚಾರ್ಟ್ ಬಿಟ್ಟು, "ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನೇನು ತಿಂದಿರಿ, ಏನು ಕುಡಿದಿರಿ, ಬರೆದು ಕೊಡಿ. ಹೆಸರು ಬೇಡ" ಅಂದೆ. ಮನೆಗೆ ತಂದು ಓದಿ ತುಂಬಾ ಸಂಕಟ ಆಯಿತು. ಒಂದು ಚೀಟಿಯಲ್ಲಿ ಇದ್ದದ್ದು ಇಷ್ಟೇ: ಆರೂವರೆಗೆ ಟೀ, ಎರಡು ಬಿಸ್ಕತ್ತು. ಮಧ್ಯಾಹ್ನ ಸ್ವಲ್ಪ ಚಿತ್ರಾನ್ನ. ಸಂಜೆ ಪಫ್. ರಾತ್ರಿ ಅನ್ನ, ತಿಳಿಸಾರು. ಇನ್ನೊಬ್ಬಳು ಕೆಳಗೆ ಬರೆದಿದ್ದಳು: "ನೀರು ಕುಡಿಯಲ್ಲ ಮಿಸ್, ಟಾಯ್ಲೆಟ್ ಗಲೀಜು." ಮತ್ತೊಬ್ಬಳು: "ಅತ್ತೆ ದಪ್ಪ ಆಗಿದೀಯ ಅಂದ್ರು, ಅದಕ್ಕೆ ಚಪಾತಿ ಬಿಟ್ಟೆ."

ಚಾರ್ಟಿನಲ್ಲಿ ಇದಕ್ಕೆಲ್ಲ ಉತ್ತರ ಎಲ್ಲಿದೆ ಹೇಳಿ? ಟಾಯ್ಲೆಟ್ ಸರಿ ಮಾಡಿಸಲು ಓಡಾಡಿದ್ದೂ ನನ್ನ ಮಟ್ಟಿಗೆ ಪೌಷ್ಟಿಕಾಂಶದ ಪಾಠವೇ. ಹಾಗಾಗಿ ನೀವೂ ಮೊದಲು ಮಗಳ ಹತ್ತಿರ ಒಂದು ದಿನದ ಪಟ್ಟಿ ಬರೆಸಿ. ಓದುವಾಗ ಬೈಯಬೇಡಿ. ಏಳು ಗಂಟೆಗೇ ವ್ಯಾನ್ ಬಂದರೆ ಅಷ್ಟು ಬೇಗ ಹಸಿವೆಯೇ ಆಗದಿರಬಹುದು. ಆಗ ಚಪಾತಿಗೆ ಕಡಲೆಕಾಯಿ ಚಟ್ನಿ ಸವರಿ ಸುತ್ತಿ ಕೊಡಿ, ಅಥವಾ ಒಂದು ಬೇಯಿಸಿದ ಮೊಟ್ಟೆ. ಮೊದಲ ಬಿಡುವಿನಲ್ಲಿ ತಿನ್ನಲಿ.

ಕಬ್ಬಿಣದ ವಿಷಯ ಮಾತ್ರ ಬಿಡಿಸಿ ಹೇಳಲೇಬೇಕು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2020ರ ಲೆಕ್ಕದಲ್ಲಿ, 13ರಿಂದ 15 ವರ್ಷದ ಹುಡುಗನಿಗೆ ದಿನಕ್ಕೆ 22 ಮಿಲಿಗ್ರಾಂ ಕಬ್ಬಿಣ ಬೇಕು, ಹುಡುಗಿಗೆ 30. ಬೆಳವಣಿಗೆಯ ಜೊತೆಗೆ ತಿಂಗಳು ತಿಂಗಳು ರಕ್ತ ಹೋಗುತ್ತದೆ, ಅಲ್ವಾ? ಇದನ್ನು ಬೋರ್ಡಿನ ಮೇಲೆ ಬರೆದ ದಿನ ಕ್ಲಾಸ್ ಪೂರ್ತಿ ಸುಮ್ಮನಾಯಿತು. "ನಮಗೆ ಹುಡುಗರಿಗಿಂತ ಜಾಸ್ತಿ ಬೇಕಾ ಮಿಸ್? ನಮ್ಮನೇಲಿ ಮೊಟ್ಟೆ ಅಣ್ಣನಿಗೆ" ಅಂದಳು ಒಬ್ಬಳು. ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59 ಮಂದಿಗೆ ರಕ್ತಹೀನತೆ ಇದೆ ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಆ ಅಂಕಿ ಓದಿದಾಗಲೆಲ್ಲ ನನಗೆ ಅವಳ ಮಾತೇ ನೆನಪಾಗುತ್ತದೆ.

ಮನೆಯಲ್ಲಿ ಮಾಡಬೇಕಾದದ್ದು ದೊಡ್ಡದೇನಲ್ಲ. ಊಟ, ತಿಂಡಿಯ ಜೊತೆ ಟೀ ಬೇಡ, ಒಂದು ಗಂಟೆ ಬಿಟ್ಟು ಕುಡಿಯಲಿ. ಟೀಯಲ್ಲಿರುವ ಟ್ಯಾನಿನ್ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ನಿಂಬೆಹಣ್ಣು, ಸೀಬೆಹಣ್ಣು, ನೆಲ್ಲಿಕಾಯಿ ಇದಕ್ಕೆ ಉಲ್ಟಾ, ಕಬ್ಬಿಣ ಹೀರಿಕೊಳ್ಳಲು ಸಹಾಯ ಮಾಡುತ್ತವೆ. ಹೆಸರುಕಾಳು, ಹುರುಳಿಕಾಳು ಮೊಳಕೆ ಕಟ್ಟಿ ಉಸಲಿ ಮಾಡಿ ನಿಂಬೆರಸ ಹಿಂಡಿ. ಮುದ್ದೆ ಬೇಡ ಅಂದರೆ ರಾಗಿರೊಟ್ಟಿ ಆಗಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ವಾರಕ್ಕೊಮ್ಮೆ ದುಡ್ಡು ಕೊಟ್ಟು ಸೊಪ್ಪು ತರಲು ಅವಳನ್ನೇ ಕಳಿಸಿ. ದಂಟು, ನುಗ್ಗೆ, ಸಬ್ಬಸಿಗೆ, ಯಾವುದಾದರೂ ಆರಿಸಲಿ. ತಾನೇ ತಂದು ಬಿಡಿಸಿದ ಸೊಪ್ಪಿನ ಬಸ್ಸಾರನ್ನು ತಟ್ಟೆಯಲ್ಲಿ ಬಿಡುವ ಹುಡುಗಿಯರು ಕಡಿಮೆ. ಇದು ನಾನು ಕಣ್ಣಾರೆ ಕಂಡದ್ದು.

ಗೋಬಿಯನ್ನು ಪೂರ್ತಿ ನಿಲ್ಲಿಸಬೇಡಿ, ಕದ್ದು ತಿನ್ನುತ್ತಾಳೆ. ಅಪರೂಪಕ್ಕೆ ಆಗಲಿ. ಅದಕ್ಕೆ ಕೃತಕ ಬಣ್ಣ ಹಾಕುವುದನ್ನು ನಮ್ಮ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದೆ ಅಂತ ಹೇಳಿದ ಮೇಲೆ ನಮ್ಮ ಹುಡುಗಿಯರೇ ಗಾಡಿಯವರ ಹತ್ತಿರ "ಕಲರ್ ಹಾಕ್ತೀರಾ ಅಂಕಲ್" ಅಂತ ಕೇಳಲು ಶುರು ಮಾಡಿದರು.

ಒಂದೇ ಕೋರಿಕೆ: ಅವಳ ಮೈ ದಪ್ಪ, ಸಣ್ಣ ಅನ್ನುವ ಮಾತು ಮನೆಯಲ್ಲಿ ಯಾರೂ ಆಡದಿರಲಿ, ತಮಾಷೆಗೂ ಬೇಡ. ನಿಮ್ಮ ನೆಂಟರಿಗೂ ಹೇಳಿಬಿಡಿ.

ಮೆಟ್ಟಿಲು ಹತ್ತಿದರೆ ಏದುಸಿರು, ಯಾವಾಗಲೂ ಸುಸ್ತು, ಬಳಪ ಅಥವಾ ಹಸಿ ಅಕ್ಕಿ ತಿನ್ನುವ ಆಸೆ ಇದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, ಊಟದಲ್ಲೇ ಸರಿಹೋಗುತ್ತದೆ ಅಂತ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ. ಮೂರು ತಿಂಗಳು ಮುಟ್ಟು ನಿಂತಿದ್ದರೂ ಅಷ್ಟೇ. ಶಾಲೆಯಲ್ಲಿ ವಾರಕ್ಕೊಂದು ನೀಲಿ ಕಬ್ಬಿಣದ ಮಾತ್ರೆ ಕೊಡುತ್ತಿದ್ದರೆ ಊಟ ಆದ ಮೇಲೆ ತಪ್ಪದೆ ನುಂಗಲು ಹೇಳಿ.

ಇನ್ನೊಂದು ಮಾತು. ಪಟ್ಟಿ ಬರೆಯುವ ದಿನ ನೀವೂ ಪಕ್ಕದಲ್ಲಿ ಕೂತು ನಿಮ್ಮದನ್ನು ಬರೆಯಿರಿ. ಎಲ್ಲರ ಡಬ್ಬಿ ಕಟ್ಟಿ ಕಳಿಸಿ, ಹನ್ನೊಂದು ಗಂಟೆಯವರೆಗೆ ಬರೀ ಕಾಫಿಯಲ್ಲಿ ಇರುವ ಅಮ್ಮಂದಿರನ್ನು ನಾನು ತುಂಬಾ ನೋಡಿದ್ದೇನೆ. ಮಗಳೂ ಅದನ್ನು ದಿನಾ ನೋಡುತ್ತಿರುತ್ತಾಳೆ.