ಬೋಳುಗುಡ್ಡದ ಹಳೆಯ ಲೆಕ್ಕ

‘ಹೈಟಿಯ ಬೋಳುಗುಡ್ಡಗಳ ಚಿತ್ರ ನೋಡಿದೆ. ಅಲ್ಲಿನವರೇ ಇದ್ದಿಲಿಗಾಗಿ ಮರ ಕಡಿದು ಮುಗಿಸಿದ್ದಾರೆ. ಅದಕ್ಕೂ ಕೊಲಂಬಸ್‌ನನ್ನೇ ಬೈಯಬೇಕಾ?’ ಎಂದು ದಾವಣಗೆರೆಯ ಓದುಗರೊಬ್ಬರು ಕೇಳಿದ್ದಾರೆ.

ಬೈಯೋಣ ಸ್ವಾಮಿ, ತಪ್ಪೇನು? ಹೈಟಿ ಇರುವ ಕೆರಿಬಿಯನ್ ದ್ವೀಪಕ್ಕೆ ಕಬ್ಬು ತಂದವನು ಅವನೇ, 1493ರಲ್ಲಿ. ಇದ್ದಿಲಿನ ಮಾತು ಸುಳ್ಳಲ್ಲ, ಒಪ್ಪಿದೆ. ಆದರೆ ಬಡವರ ಕೈಯ ಕೊಡಲಿ ಮಾತ್ರ ನಿಮ್ಮ ಕಣ್ಣಿಗೆ ಬಿತ್ತಲ್ಲ!

ಕಬ್ಬು ಬಂದರೆ ಕಾಡಿಗೆ ಏನಾಗುತ್ತದೆ ಅನ್ನುವುದಕ್ಕೆ ಕೆರಿಬಿಯನ್ನಿನ ಇನ್ನೊಂದು ದ್ವೀಪ ಬಾರ್ಬಡೋಸ್ ನೋಡಿ. 1627ರಲ್ಲಿ ಇಂಗ್ಲಿಷರು ನೆಲೆಯೂರಿದಾಗ ದ್ವೀಪದ ತುಂಬ ದಟ್ಟ ಕಾಡು. 1640ರ ದಶಕದಲ್ಲಿ ಕಬ್ಬು ಬಂತು. ಇಪ್ಪತ್ತೇ ವರ್ಷ, ಕಾಡು ಹೆಚ್ಚುಕಡಿಮೆ ಖಾಲಿ. ಕಡಿದ ಕಬ್ಬನ್ನು ಬೇಗ ಅರೆಯದಿದ್ದರೆ ರಸ ಹುಳಿಯುತ್ತದೆ. ಮಂಡ್ಯದ ಆಲೆಮನೆಯವರನ್ನು ಕೇಳಿ, ಹೇಳುತ್ತಾರೆ. ಹಾಗಾಗಿ ಹಂಗಾಮಿನಲ್ಲಿ ಗಾಣ ಹಗಲೂ ರಾತ್ರಿ ತಿರುಗುತ್ತಿತ್ತು. ಸಾಲಾಗಿ ತಾಮ್ರದ ಕೊಪ್ಪರಿಗೆಗಳು, ಕೆಳಗೆ ಸೌದೆ. ಕುದಿಯುವ ರಸವನ್ನು ದೊಡ್ಡದರಿಂದ ಚಿಕ್ಕದಕ್ಕೆ ಎತ್ತಿ ಸುರಿಯುತ್ತಿದ್ದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಮರ ಮುಗಿದ ಮೇಲೆ ಕಬ್ಬಿನ ಸಿಪ್ಪೆ ಒಣಗಿಸಿ ಉರಿಸಿದರು. ಮಳೆಗೆ ಕೊಚ್ಚಿಹೋದ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಮತ್ತೆ ಇಳಿಜಾರು ಹತ್ತಿದವರೂ ಗುಲಾಮರೇ.

ಹೈಟಿಯಲ್ಲಿ ಫ್ರೆಂಚರು ಬಯಲಿಗೆ ಕಬ್ಬು, ಗುಡ್ಡಕ್ಕೆ ಕಾಫಿ ಹಾಕಿಸಿದರು. ಗುಲಾಮರು ಹೋರಾಡಿ 1804ರಲ್ಲಿ ಸ್ವತಂತ್ರರಾದರು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ತಂದು ನಿಲ್ಲಿಸಿ 15 ಕೋಟಿ ಫ್ರಾಂಕ್ ಪರಿಹಾರ ಕೇಳಿತು. ಯಾರಿಗೆ? ತೋಟ ಕಳೆದುಕೊಂಡ ಮಾಲೀಕರಿಗೆ! ಆಮೇಲೆ ಅದನ್ನು 9 ಕೋಟಿಗೆ ಇಳಿಸಿದರೂ, ಅದಕ್ಕೆಂದು ಮಾಡಿದ ಸಾಲ 1947ರವರೆಗೂ ಬೆನ್ನು ಬಿಡಲಿಲ್ಲ. ಆ ಸಾಲ ತೀರಿಸಲು ಕಾಫಿ ಹಡಗೇರಿತು, ಮಹಾಗನಿ ದಿಮ್ಮಿಗಳೂ ಹಡಗೇರಿದವು.

ಮುಂಗುಸಿ ಕಥೆ ಗೊತ್ತಾ? ಕಬ್ಬಿನ ಗದ್ದೆಯ ಇಲಿ ಹಿಡಿಯಲು 1872ರಲ್ಲಿ ಅದೇ ಕೆರಿಬಿಯನ್ನಿನ ಜಮೈಕಾ ದ್ವೀಪದ ತೋಟದ ಮಾಲೀಕನೊಬ್ಬ ಕಲ್ಕತ್ತಾದಿಂದ ಒಂಬತ್ತು ಮುಂಗುಸಿ ತರಿಸಿದ. ಅವು ಇಲಿಯ ಜತೆಗೆ ನೆಲದಲ್ಲಿ ಗೂಡು ಕಟ್ಟುವ ಹಕ್ಕಿ, ಹಲ್ಲಿ, ಹಾವು ಎಲ್ಲವನ್ನೂ ತಿಂದವು. ಈಗ ಅಲ್ಲಿ ಮುಂಗುಸಿ ಅಂದರೆ ಪೀಡೆ. ಪಾಪ, ಅದೇನು ಟಿಕೆಟ್ ತಗೊಂಡು ಹೋಗಿತ್ತಾ?

ಅಲ್ಲಿನದೇ ಟೊಬಾಗೊ ದ್ವೀಪದಲ್ಲಿ ಬ್ರಿಟಿಷರು 1776ರಲ್ಲೇ ಬೆಟ್ಟಸಾಲಿನ ಕಾಡನ್ನು ಮಳೆಗೋಸ್ಕರ ಮೀಸಲಿಟ್ಟರು. ಶಭಾಷ್ ಅನ್ನೋಣ. ಆ ಮಳೆ ಬೇಕಾಗಿದ್ದದ್ದು ತೋಟಗಳಿಗೆ ಅನ್ನುವುದು ಬೇರೆ ಮಾತು.

ನೀವು ಗಮನವಿಟ್ಟು ಓದುವವರು, ಅದಕ್ಕೇ ಇಷ್ಟು ಜಗಳ. ಇದ್ದಿಲ ಮೂಟೆ ಹೊತ್ತ ಹೆಂಗಸಿನ ಫೋಟೊ ಎಲ್ಲ ಪತ್ರಿಕೆಗಳ ಪರಿಸರ ಪುಟದಲ್ಲೂ ಬರುತ್ತದೆ. ಯುರೋಪಿನ ಹಳೆ ಬಂಗಲೆಗಳ ಮಹಾಗನಿ ಮೇಜು ಬರುವುದು ಗೃಹಾಲಂಕಾರದ ಪುಟದಲ್ಲಿ.