ಕೇಳಬೇಕಾದವರನ್ನೇ ಕೇಳಿ

ಪತ್ರ: ಮಾನ್ಯ ಸಂಪಾದಕರೇ, ಬಹಳ ದಿನದಿಂದ ಕೆಲವು ಅನುಮಾನಗಳಿವೆ. ವಿಗ್ರಹ ಪೂಜೆ ಬೇಡ ಎನ್ನುವ ಮುಸ್ಲಿಮರು ಕಾಬಾದ ಕಡೆ ತಿರುಗಿ ತಲೆ ಬಾಗುವುದೇಕೆ? ಆಜಾನ್ ಅಷ್ಟು ಜೋರಾಗಿ ಕೂಗಬೇಕೇ, ದೇವರಿಗೆ ಕಿವಿ ಕೇಳುವುದಿಲ್ಲವೇ? ಹೆಂಗಸರನ್ನು ಮಸೀದಿಗೆ ಯಾಕೆ ಬಿಡುವುದಿಲ್ಲ? ಒಳಗೆ ನಿಜಕ್ಕೂ ಏನು ನಡೆಯುತ್ತದೆ? ನನ್ನಂಥವರು ಒಳಗೆ ಹೋಗಬಹುದೇ? – ಒಬ್ಬ ಓದುಗ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಸ್ವಲ್ಪ ಬೇಜಾರಾಯಿತು. ಎರಡನೇ ಸಲ ಕೊನೆಯ ಪ್ರಶ್ನೆಯ ಹತ್ತಿರ ಕಣ್ಣು ನಿಂತಿತು. ಮೊದಲಿನವನ್ನು ನೀವು ಯಾರಿಂದಲೋ ಕೇಳಿ ಬರೆದಂತಿದೆ. ಕೊನೆಯದು ಮಾತ್ರ ನಿಮ್ಮದೇ ಪ್ರಶ್ನೆ. ಅದಕ್ಕಾಗಿ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೆಕ್ಕಾದ ದೊಡ್ಡ ಮಸೀದಿಯ ನಡುವೆ ಇರುವ ಚೌಕ ಕಟ್ಟಡವೇ ಕಾಬಾ. ಮುಸ್ಲಿಮರಿಗೆ ಅದು ನಮಾಜಿನ ದಿಕ್ಕು. ಅದಕ್ಕೆ ಕಿಬ್ಲಾ ಎನ್ನುತ್ತಾರೆ. ಪ್ರವಾದಿಯವರು 622ರಲ್ಲಿ ಮದೀನಾಕ್ಕೆ ಹೋದ ಮೇಲೂ ಸುಮಾರು ಒಂದೂವರೆ ವರ್ಷ ಎಲ್ಲರೂ ಜೆರುಸಲೇಮಿನ ಕಡೆ ತಿರುಗಿಯೇ ನಮಾಜ್ ಮಾಡುತ್ತಿದ್ದರು. ಆಮೇಲೆ ದಿಕ್ಕು ಮೆಕ್ಕಾಕ್ಕೆ ಬದಲಾಯಿತು. ಕಾಬಾವೇ ದೇವರಾಗಿದ್ದರೆ ಅಷ್ಟು ದಿನ ಅದಕ್ಕೆ ಬೆನ್ನು ಹಾಕುವುದು ಸಾಧ್ಯವಿತ್ತೇ? ಕುರ್‌ಆನಿನ ಎರಡನೇ ಅಧ್ಯಾಯದಲ್ಲಿ ಇನ್ನೂ ಮುಂದೆ ಹೋಗಿ ಹೇಳಿದೆ: ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ತಿರುಗಿಸಿಬಿಟ್ಟರೆ ಒಳ್ಳೆಯತನ ಆಗಿಹೋಗುವುದಿಲ್ಲ, ದೇವರನ್ನು ನಂಬಬೇಕು, ಅನಾಥರಿಗೆ, ಬಡವರಿಗೆ, ದಾರಿಹೋಕರಿಗೆ ಕೊಡಬೇಕು, ಕೊಟ್ಟ ಮಾತು ಉಳಿಸಿಕೊಳ್ಳಬೇಕು. ಕಾಬಾದ ಮೂಲೆಯ ಕಪ್ಪು ಶಿಲೆಯ ಮುಂದೆ ನಿಂತು ಖಲೀಫ ಉಮರ್ ಆಡಿದ ಮಾತು ಪ್ರವಾದಿಯವರ ಮತ್ತು ಸಂಗಡಿಗರ ನಡೆನುಡಿ ದಾಖಲಿಸಿದ ಹದೀಸ್ ಗ್ರಂಥಗಳಲ್ಲಿದೆ: ನೀನು ಬರೀ ಕಲ್ಲು, ನಿನ್ನಿಂದ ಕೆಡುಕೂ ಇಲ್ಲ ಒಳಿತೂ ಇಲ್ಲ, ಪ್ರವಾದಿಯವರು ಮುತ್ತಿಟ್ಟದ್ದನ್ನು ನೋಡಿದ್ದೇನೆ, ಅದಕ್ಕೇ ನಾನೂ ಇಡುತ್ತಿದ್ದೇನೆ.

ಆಜಾನಿನ ಪ್ರಶ್ನೆಗೆ ಆಜಾನಿನಲ್ಲೇ ಉತ್ತರವಿದೆ. ‘ಹಯ್ಯ ಅಲಸ್ಸಲಾಹ್’ ಅಂದರೆ ನಮಾಜಿಗೆ ಬನ್ನಿ. ದೇವರನ್ನು ಯಾರಾದರೂ ನಮಾಜಿಗೆ ಕರೆಯುತ್ತಾರೆಯೇ? ಬೆಳಗಿನ ಜಾವದ ಆಜಾನಿನಲ್ಲಿ ಇನ್ನೊಂದು ಸಾಲು ಸೇರುತ್ತದೆ: ನಿದ್ದೆಗಿಂತ ನಮಾಜ್ ಮೇಲು. ಅದು ಹಾಸಿಗೆಯಲ್ಲಿ ಹೊರಳಾಡುತ್ತಿರುವ ಮನುಷ್ಯನಿಗೆ ಹೇಳುವ ಮಾತು. ಮೊದಲು ಆಜಾನ್ ಕೊಟ್ಟವರು ಬಿಲಾಲ್, ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಮನುಷ್ಯ. ಆಗ ಮದೀನಾದ ಮಸೀದಿಗೆ ಮಿನಾರವೇ ಇರಲಿಲ್ಲ. ಖರ್ಜೂರದ ಮರದ ಕಂಬ, ಗರಿಯ ಚಾವಣಿ, ಅಷ್ಟೆ. ಬಿಲಾಲ್ ಪಕ್ಕದ ಮನೆಯ ಮಾಳಿಗೆ ಹತ್ತಿ ಕೂಗುತ್ತಿದ್ದರು. ಧ್ವನಿವರ್ಧಕ ಬಂದದ್ದು ಮೊನ್ನೆ ಮೊನ್ನೆ. ಅದರ ಸದ್ದು ಎಷ್ಟಿರಬೇಕು ಎಂದು ಕೇಳುವುದು ನ್ಯಾಯವೇ, ಖಂಡಿತ ಕೇಳಿ. ಆದರೆ ಅದು ನೆರೆಯವರು ಕೂತು ಬಗೆಹರಿಸಿಕೊಳ್ಳುವ ವಿಷಯ. ಅದಕ್ಕೆ ದೇವರ ಕಿವಿಯನ್ನು ಯಾಕೆ ಎಳೆದು ತರುತ್ತೀರಿ?

ಹೆಂಗಸರ ವಿಷಯದಲ್ಲಿ ನಿಮ್ಮ ಮಾತಿನಲ್ಲಿ ಹುರುಳಿದೆ. ಎಷ್ಟೋ ಮಸೀದಿಗಳಲ್ಲಿ ಅವರಿಗೆ ಜಾಗವೇ ಇಲ್ಲ. ಆದರೆ ಮಸೀದಿಗೆ ಹೋಗುವ ಹೆಂಗಸರನ್ನು ತಡೆಯಬೇಡಿ ಎಂಬ ಹದೀಸೂ ಇದೆ, ಮೆಕ್ಕಾದ ಮಸೀದಿಯಲ್ಲಿ ಹೆಂಗಸರೂ ಗಂಡಸರೂ ಇಬ್ಬರೂ ನಮಾಜ್ ಮಾಡುತ್ತಾರೆ. ಆ ಹದೀಸನ್ನೇ ಮುಂದಿಟ್ಟುಕೊಂಡು ಜಾಗ ಕೇಳುತ್ತಿರುವ ಮುಸ್ಲಿಂ ಹೆಂಗಸರು ಬೇಕಾದಷ್ಟಿದ್ದಾರೆ. ಈ ಪ್ರಶ್ನೆಯನ್ನು ಅವರ ಬಾಯಲ್ಲೇ ಕೇಳಿ. ನಮ್ಮ ನಿಮ್ಮ ಬಾಯಲ್ಲಿ ಅದಕ್ಕೆ ಆ ತೂಕ ಬರುವುದಿಲ್ಲ.

ಇನ್ನು ಒಳಗೆ ಏನು ನಡೆಯುತ್ತದೆ ಎಂಬುದು. ನಾನು ಮೊದಲ ಸಲ ಮಸೀದಿಯೊಳಗೆ ಕೂತದ್ದು ಗೆಳೆಯನೊಬ್ಬನ ತಂದೆ ತೀರಿಕೊಂಡ ದಿನ. ಹೊರಗೆ ಚಪ್ಪಲಿ ಬಿಟ್ಟೆ. ವುಝೂ, ಅಂದರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವುದು, ಅದನ್ನು ಮಾಡುವ ಕಡೆ ಒಬ್ಬ ಹಿರಿಯರು ಕೈ, ಬಾಯಿ, ಮೂಗು, ಮುಖ, ಮೊಣಕೈವರೆಗೆ ತೋಳು, ಕೊನೆಗೆ ಕಾಲು ಎಂದು ಕ್ರಮವಾಗಿ ತೊಳೆಯುತ್ತಿದ್ದರು. ಒಂದೊಂದಕ್ಕೂ ನಡುವೆ ನಲ್ಲಿ ತಿರುಗಿಸಿ ನಿಲ್ಲಿಸುತ್ತಿದ್ದರು. ನಾನು ನೋಡುತ್ತಿದ್ದದ್ದು ಗೊತ್ತಾಗಿ, ‘ನದಿ ದಂಡೆಯಲ್ಲಿ ಕೂತಿದ್ದರೂ ನೀರು ದಂಡ ಮಾಡಬಾರದು ಅಂತ ನಮಗೆ ಹೇಳಿಕೊಟ್ಟಿದ್ದಾರೆ’ ಎಂದರು.

ಒಳಗೆ ಗೋಡೆಯ ಮೇಲೆ ಆರು ಗಡಿಯಾರ. ಐದು ನಿಂತುಹೋಗಿವೆ ಅಂದುಕೊಂಡೆ. ಆಮೇಲೆ ತಿಳಿಯಿತು, ಅವು ಐದು ಹೊತ್ತಿನ ನಮಾಜಿನ ಸಮಯ ತೋರಿಸುವ ಮುಳ್ಳುಗಳು. ಸೂರ್ಯನ ಹೊತ್ತು ಬದಲಾದ ಹಾಗೆ ಯಾರಾದರೂ ಕೈಯಿಂದ ತಿರುಗಿಸಿ ಇಡುತ್ತಾರೆ. ಈ ಹೊತ್ತಿನ ಲೆಕ್ಕ ಇಡಲೆಂದೇ ಹಿಂದೆ ದೊಡ್ಡ ಮಸೀದಿಗಳಲ್ಲಿ ಖಗೋಳ ಬಲ್ಲವರು ಇರುತ್ತಿದ್ದರು. ಹದಿನಾಲ್ಕನೇ ಶತಮಾನದಲ್ಲಿ ದಮಾಸ್ಕಸಿನ ಉಮಯ್ಯದ್ ಮಸೀದಿಯಲ್ಲಿ ಆ ಕೆಲಸದಲ್ಲಿದ್ದ ಇಬ್ನ್ ಅಲ್ ಶಾತಿರ್ ಅಲ್ಲಿನ ಮಿನಾರಕ್ಕೆ ನೆರಳು ಗಡಿಯಾರ ಮಾಡಿಕೊಟ್ಟರು. ಗ್ರಹಗಳ ಚಲನೆಗೆ ಅವರು ಹಾಕಿದ ಲೆಕ್ಕಕ್ಕೂ ಆಮೇಲೆ ಬಂದ ಕೊಪರ್ನಿಕಸ್ ಲೆಕ್ಕಕ್ಕೂ ಇರುವ ಹೋಲಿಕೆ ನೋಡಿ ವಿದ್ವಾಂಸರು ಇವತ್ತಿಗೂ ಬೆರಗಾಗುತ್ತಾರೆ.

ಅಸರ್, ಅಂದರೆ ಇಳಿಹೊತ್ತಿನ ನಮಾಜಿಗೆ ಎಲ್ಲರೂ ಸಾಲಾಗಿ ನಿಂತರು. ಇಸ್ತ್ರಿ ಅಂಗಿಯವರ ಪಕ್ಕದಲ್ಲಿ ಉಗುರಿಗೆ ಸಿಮೆಂಟ್ ಮೆತ್ತಿದ್ದ ಗಾರೆ ಕೆಲಸದವರು, ಭುಜಕ್ಕೆ ಭುಜ ತಾಗಿಸಿ. ಯಾರಿಗೂ ಕಾದಿಟ್ಟ ಜಾಗ ಇರಲಿಲ್ಲ, ಮೊದಲು ಬಂದವರು ಮುಂದೆ. ನಮಾಜ್ ಮುಗಿಯುವಾಗ ಬಲಕ್ಕೆ, ಎಡಕ್ಕೆ ಮುಖ ತಿರುಗಿಸಿ ಸಲಾಂ ಹೇಳುತ್ತಾರೆ. ಕೊನೆಯ ಸಾಲಿನ ತುದಿಯಲ್ಲಿ ನಿಂತಿದ್ದ ಪುಟ್ಟ ಹುಡುಗ ಎಡಕ್ಕೆ ತಿರುಗಿದ. ಅಲ್ಲಿ ಗೋಡೆಗೆ ಒರಗಿ ಕೂತಿದ್ದವನು ನಾನೊಬ್ಬನೇ. ನಿಮ್ಮ ಮೇಲೆ ಶಾಂತಿ ಇರಲಿ ಎಂಬ ಅವನ ಪಾಲಿನ ಸಲಾಂ ಸೀದಾ ನನಗೇ ಬಂದು ತಲುಪಿತು.

ಹೊರಗೆ ಬಂದು ಗೆಳೆಯನನ್ನು ಕೇಳಿದೆ, ಅಷ್ಟು ಹೊತ್ತು ಮನಸ್ಸಿನಲ್ಲಿ ಏನು ಹೇಳಿಕೊಳ್ಳುತ್ತೀಯ? ಕುರ್‌ಆನಿನ ಮೊದಲ ಅಧ್ಯಾಯವಾದ ಫಾತಿಹಾದ ಅರ್ಥ ಹೇಳಿದ. ಏಳೇ ಸಾಲು. ನಡುವೆ ಒಂದು ಬೇಡಿಕೆ: ನಮ್ಮನ್ನು ನೇರ ದಾರಿಯಲ್ಲಿ ನಡೆಸು. ನಿಂತು, ಬಾಗಿ, ಹಣೆ ನೆಲಕ್ಕಿಡುವ ಒಂದು ಸುತ್ತಿಗೆ ರಕಅತ್ ಎನ್ನುತ್ತಾರೆ, ಪ್ರತಿ ಸುತ್ತಿನಲ್ಲೂ ಫಾತಿಹಾ ಇರುತ್ತದೆ. ಐದು ಹೊತ್ತಿನ ಕಡ್ಡಾಯ ನಮಾಜಿನಲ್ಲಿ 17 ರಕಅತ್. ಅಂದರೆ ಅವನು ದಿನಕ್ಕೆ 17 ಸಲ ಅದನ್ನೇ ಕೇಳುತ್ತಿದ್ದ. ನಮ್ಮದು 20 ವರ್ಷದ ಗೆಳೆತನ. ಅಲ್ಲಿಯವರೆಗೆ ಒಂದು ದಿನವೂ ನಾನು ಇದನ್ನು ಕೇಳಿರಲಿಲ್ಲ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ನನ್ನ ದೂರು ಇರುವುದೇ ಇಲ್ಲಿ. ಮುಸ್ಲಿಮರ ಬಗ್ಗೆ ಈ ಮೇಜಿಗೆ ರಾಶಿ ಪತ್ರ ಬರುತ್ತವೆ. ‘ಅವರಂತೆ’, ‘ಹಾಗಂತೆ’ ಇಲ್ಲದ ಪತ್ರ ಅಪರೂಪ. ಮೊಬೈಲಿಗೆ ಬಂದದ್ದನ್ನು ನಂಬುತ್ತೇವೆ, ಪಕ್ಕದ ಮೇಜಿನವರನ್ನು ಕೇಳುವುದಿಲ್ಲ. ಕೇಳಿದರೂ ಪಾಟೀಸವಾಲಿನ ಹಾಗೆ ಕೇಳುತ್ತೇವೆ. ಎಲ್ಲೋ ಯಾರೋ ಮಾಡಿದ್ದಕ್ಕೆ ತರಗತಿಯ ಮುಸ್ಲಿಂ ಹುಡುಗಿ ಉತ್ತರ ಕೊಡಬೇಕು. ನಿಮ್ಮ ಧರ್ಮಗ್ರಂಥದ ಒಂದೊಂದು ಸಾಲಿಗೂ ನಿಮ್ಮನ್ನು ಯಾರಾದರೂ ನಿಲ್ಲಿಸಿ ಕೇಳಿದ್ದಾರೆಯೇ? ನಾವು ಪತ್ರಿಕೆಯವರು ಮಾಡಿದ್ದೂ ಜಾಸ್ತಿಯೇನಲ್ಲ. ಹಬ್ಬಕ್ಕೊಂದು ಫೋಟೊ, ಗಲಾಟೆಗೊಂದು ಫೋಟೊ. ನಡುವಿನ ದಿನಗಳಲ್ಲಿ ಮಸೀದಿ ನಮ್ಮ ಕಣ್ಣಿಗೇ ಬೀಳುವುದಿಲ್ಲ.

ಜರ್ಮನಿಯ ಮಸೀದಿಗಳು 1997ರಿಂದ ಪ್ರತಿ ಅಕ್ಟೋಬರ್ 3ರಂದು ಬಾಗಿಲು ತೆರೆದು ಯಾರು ಬೇಕಾದರೂ ಬನ್ನಿ, ಕೇಳಿ ಎನ್ನುತ್ತಿವೆ. ಬ್ರಿಟನ್ನಿನಲ್ಲೂ 2015ರಿಂದ ಇಂಥದ್ದು ನಡೆಯುತ್ತಿದೆ.

ನೀವು ಒಳಗೆ ಹೋಗಬಹುದೇ? ಮೆಕ್ಕಾಕ್ಕೆ ಮುಸ್ಲಿಮರಲ್ಲದವರಿಗೆ ಪ್ರವೇಶವಿಲ್ಲ. ಉಳಿದ ಕಡೆ ಒಂದೊಂದು ಕಡೆ ಒಂದೊಂದು ರೀತಿ. ಮೊರಾಕ್ಕೊದ ಕಾಸಾಬ್ಲಾಂಕಾದಲ್ಲಿ ದೊರೆ ಎರಡನೇ ಹಸನ್ ಹೆಸರಿನ ಮಸೀದಿಯೊಳಗೆ ಎಲ್ಲರೂ ಹೋಗಬಹುದು, ಅದೇ ದೇಶದ ಹೆಚ್ಚಿನ ಮಸೀದಿಗಳಲ್ಲಿ ಹಾಗಿಲ್ಲ. ಹಾಗಾಗಿ ಬಾಗಿಲ ಹತ್ತಿರ ಇರುವವರನ್ನು ಕೇಳಿ. ಶುಕ್ರವಾರ ಮಧ್ಯಾಹ್ನ ಬೇಡ, ಜುಮಾದ ಜನಸಂದಣಿಯಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ. ಬೇರೆ ದಿನ ಅಸರ್ ಮುಗಿದ ಮೇಲೆ ಹೋಗಿ. ಮೈ ತುಂಬ ಬಟ್ಟೆ ಇರಲಿ, ಚಪ್ಪಲಿ ಹೊರಗೆ ಬಿಡಿ, ನಮಾಜ್ ಮಾಡುತ್ತಿರುವವರ ಮುಂದೆ ಹಾದುಹೋಗಬೇಡಿ. ಬಂದ ಮೇಲೆ ಇನ್ನೊಂದು ಪತ್ರ ಬರೆಯಿರಿ. ಅದಕ್ಕೆ ಈ ಪುಟದಲ್ಲಿ ಜಾಗ ಇಟ್ಟಿರುತ್ತೇನೆ.

– ಸಂಪಾದಕ