ಪರ್ವತಾರೋಹಣದ ಪಾಠದಲ್ಲಿ ಎಂಜಿನಿಯರಿಂಗ್ ವಿನ್ಯಾಸ, ಪದಮೂಲ ಎರಡನ್ನೂ ಒಟ್ಟಿಗೆ ಕಲಿಸೋದು ಹೇಗೆ?

ಎರಡನ್ನೂ ಬೇರೆ ಬೇರೆ ಪೀರಿಯಡ್‌ಗೆ ಹಾಕಬೇಡಿ. ಹತ್ತುವವರ ಒಂದು ಸಲಕರಣೆ ಹಿಡಿದು ಅಲ್ಲಿಂದಲೇ ಶುರು ಮಾಡಿ.

ಆಲ್ಟಿಮೀಟರ್ ತಗೊಳ್ಳಿ. ಲ್ಯಾಟಿನ್ನಿನ 'ಆಲ್ಟಸ್' ಅಂದ್ರೆ ಎತ್ತರದ್ದು, ಗ್ರೀಕಿನ 'ಮೆಟ್ರಾನ್' ಅಂದ್ರೆ ಅಳತೆ. ಬ್ಯಾರೋಮೀಟರ್‌ನಲ್ಲೂ ಅದೇ ಮೆಟ್ರಾನ್ ಇದೆ, 'ಬ್ಯಾರೋಸ್' ಅಂದ್ರೆ ಭಾರ. ಹತ್ತುವವರ ಆಲ್ಟಿಮೀಟರ್ ಸಾಮಾನ್ಯವಾಗಿ ಗಾಳಿಯ ಒತ್ತಡ ನೋಡಿಯೇ ಎತ್ತರ ಹೇಳುತ್ತದೆ, ಅಂದರೆ ಒಳಗಿರೋದು ಬ್ಯಾರೋಮೀಟರೇ! 8,849 ಮೀಟರ್ ಎತ್ತರದ ಎವರೆಸ್ಟ್ ತುದಿಯಲ್ಲಿ ಒತ್ತಡ ಸಮುದ್ರಮಟ್ಟದ ಸುಮಾರು ಮೂರನೇ ಒಂದು ಭಾಗ ಅಷ್ಟೇ. ಆದರೆ ಹವಾಮಾನ ಕೆಟ್ಟು ಒತ್ತಡ ಇಳಿದರೆ, ಟೆಂಟಿನಲ್ಲಿ ಸುಮ್ನೆ ಕೂತವರಿಗೂ ಅದು ಎತ್ತರ ಜಾಸ್ತಿ ತೋರಿಸುತ್ತದೆ. ಇದನ್ನು ಸರಿಪಡಿಸೋದು ಹೇಗೆ ಅಂತ ಮಕ್ಕಳನ್ನೇ ಕೇಳಿ. ವಿನ್ಯಾಸದ ಪಾಠ ಅಲ್ಲೇ ಶುರುವಾಗುತ್ತದೆ.

ಪ್ರಯೋಗಕ್ಕೆ ನನ್ನ ಆಯ್ಕೆ ಹಗ್ಗ. ಒಂದು ಹಿಗ್ಗದ ದಾರ, ಒಂದು ಹಿಗ್ಗುವ ದಾರ, ಎರಡರ ಮೇಲ್ತುದಿಗೂ ಒಂದೇ ತರದ ತೆಳ್ಳನೆ ನೂಲು ಕಟ್ಟಿ, ಒಂದೇ ತೂಕವನ್ನು ಒಂದೇ ಎತ್ತರದಿಂದ ಬೀಳಿಸಿ. ತೂಕ, ಎತ್ತರ ಹೊಂದಿಸಿಕೊಂಡರೆ ಮೊದಲನೆಯದರ ನೂಲು ಪಟ್ ಅಂತ ಹರಿಯುತ್ತದೆ, ಎರಡನೆಯದು ಉಳಿಯುತ್ತದೆ. ಹಿಗ್ಗುವ ದಾರ ತೂಕವನ್ನು ನಿಧಾನವಾಗಿ ನಿಲ್ಲಿಸುತ್ತದೆ, ಹಾಗಾಗಿ ಎಳೆತ ಕಡಿಮೆ. ಬೀಳುವವರನ್ನು ತಡೆಯುವ ಹಗ್ಗ ಹಿಗ್ಗಲೇಬೇಕು, ಅದಕ್ಕೇ ಅದು ಡೈನಾಮಿಕ್. ಗ್ರೀಕಿನಲ್ಲಿ 'ಡೈನಾಮಿಸ್' ಅಂದ್ರೆ ಶಕ್ತಿ. ಹಿಗ್ಗದ್ದು ಸ್ಟ್ಯಾಟಿಕ್, ಅಂದರೆ ನಿಂತಿರೋದು. ನೂಲು ಹರಿದದ್ದನ್ನು ಕಣ್ಣಾರೆ ಕಂಡ ಮಗು ಈ ಎರಡು ಪದ ಮರೆಯೋದುಂಟಾ?